ಬೇಸಿಗೆಯ ಜಾನಪದ ಸಂಗೀತ ಮೇಳಕ್ಕೆ ವಾದ್ಯ ಒಯ್ಯುವವರಿಗೆ

ಗೆಳೆಯರ ಜೊತೆ ಬಯಲು ಮೇಳಕ್ಕೆ ಗಿಟಾರ್, ಪಿಟೀಲು, ಚರ್ಮವಾದ್ಯ ಒಯ್ಯುವವರು ಗಮನಿಸಿ. ವಾದ್ಯ ಹಾಳಾಗೋದು ಹೆಚ್ಚಾಗಿ ನುಡಿಸುವಾಗಲ್ಲ, ಬಿಸಿಲಲ್ಲಿ ನಿಂತ ಕಾರಿನೊಳಗೆ. ಅಲ್ಲಿ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಅಂಟು ಮೆತ್ತಗಾಗುತ್ತದೆ, ತಂತಿಯ ಎಳೆತ ಮಾತ್ರ ಹಾಗೇ ಇರುತ್ತದೆ. ಗಿಟಾರಿನ ಬ್ರಿಡ್ಜ್, ಅಂದರೆ ತಂತಿ ಸಿಕ್ಕಿಸಿರುವ ಮರದ ಪಟ್ಟಿ, ಹಿಂಬದಿಯಿಂದ ಮೇಲೇಳುತ್ತದೆ. ತೆಳು ಕಾಗದದ ತುದಿಯನ್ನು ಬ್ರಿಡ್ಜ್ ಅಡಿಗೆ ತೂರಿಸಿ ನೋಡಿ. ಒಳಗೆ ಸರಿದರೆ ಅಂಟು ಬಿಟ್ಟಿದೆ ಅಂತಲೇ ಲೆಕ್ಕ. ತಂತಿ ಸಡಿಲಿಸಿ, ರಿಪೇರಿಯಾಗುವವರೆಗೆ ನುಡಿಸಬೇಡಿ.

ಪಿಟೀಲಿನ ತಂತಿಗಳನ್ನು ಮಾತ್ರ ಒಟ್ಟಿಗೆ ಪೂರ್ತಿ ಬಿಚ್ಚಬಾರದು. ಕುದುರೆ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು, ಜಾರುತ್ತದೆ, ಒಳಗೆ ಬರೀ ಒತ್ತಡದಲ್ಲಿ ನಿಂತಿರುವ ಕಡ್ಡಿಯೂ ಬೀಳಬಹುದು. ಬಿಲ್ಲಿನ ಕೂದಲನ್ನು ಮರೆಯದೆ ಸಡಿಲಿಸಿ.

ಚರ್ಮವಾದ್ಯದ್ದು ಇನ್ನೊಂದು ಕಥೆ. ಒಣ ಬಿಸಿಲಿಗೆ ಚರ್ಮ ಬಿಗಿದು ಶ್ರುತಿ ಏರುತ್ತದೆ, ಸಂಜೆಯ ತೇವಕ್ಕೆ ಇಳಿಯುತ್ತದೆ. ನುಡಿಸುವ ಜಾಗದಲ್ಲೇ ಹದಿನೈದು ನಿಮಿಷ ಇಟ್ಟು ಆಮೇಲೆ ಶ್ರುತಿ ಮಾಡಿ. ಮೊದಲೇ ಮಾಡಿದ್ದು ದಂಡ.

ಕೇಳಲು ಒಳ್ಳೆಯ ಜಾಗ ಸ್ಪೀಕರ್ ಮುಂದಲ್ಲ, ಸೌಂಡ್ ಮಿಕ್ಸರ್ ಇಟ್ಟಿರುವ ಕಡೆ. ಧ್ವನಿ ಹೊಂದಿಸುವವರಿಗೆ ಕೇಳುವುದೇ ನಿಮಗೂ ಕೇಳುತ್ತದೆ. 100 ಡೆಸಿಬಲ್ ಸದ್ದಿನಲ್ಲಿ ಕಿವಿಗೆ ಸುರಕ್ಷಿತ ಅವಧಿ ಸುಮಾರು 15 ನಿಮಿಷ ಅಷ್ಟೇ. ಸಂಗೀತಗಾರರ ಇಯರ್‌ಪ್ಲಗ್ ತಗೊಳ್ಳಿ, ಸಾದಾ ಸ್ಪಂಜಿನದು ಮೇಲಿನ ಸ್ವರಗಳನ್ನೇ ನುಂಗುತ್ತದೆ.

ಜನ ಸೇರಿದ ಮೇಲೆ ಫೋನ್ ಸಿಗ್ನಲ್ ನಂಬಬೇಡಿ. ಗುಂಪು ಚದುರಿದರೆ ಎಲ್ಲಿ, ಎಷ್ಟು ಹೊತ್ತಿಗೆ ಸೇರಬೇಕೆಂದು ಮೊದಲೇ ಮಾತಾಡಿಕೊಳ್ಳಿ. "ವೇದಿಕೆ ಹತ್ತಿರ" ಅನ್ನಬೇಡಿ, ಎಲ್ಲರೂ ಅಲ್ಲೇ ಇರುತ್ತಾರೆ!