ಖಮಧ್ಯದ ಬೆಳಕಿನಲ್ಲಿ ಓಝೋನ್: ಡಾಬ್ಸನ್ ಉಪಕರಣದೊಂದಿಗೆ ನನ್ನ ಅನುಭವ

ಕೊಡೈಕನಾಲ್‌ನಲ್ಲಿ ಓಝೋನ್ ವೀಕ್ಷಣೆಯ ಕೆಲಸಕ್ಕೆ ತೊಡಗಿದ ಮೊದಲ ತಿಂಗಳಲ್ಲೇ ಒಂದು ಸಂಗತಿ ಸ್ಪಷ್ಟವಾಯಿತು: ಅತಿನೇರಳೆ ಬೆಳಕು ಎಷ್ಟು ಹೀರಲ್ಪಟ್ಟಿದೆ ಎಂಬುದರಿಂದ ಓಝೋನ್ ಪ್ರಮಾಣ ತಿಳಿಸುವ ಡಾಬ್ಸನ್ ಸ್ಪೆಕ್ಟ್ರೋಫೋಟೋಮೀಟರ್ ಸೂರ್ಯನನ್ನು ನೇರವಾಗಿ ಅಳೆಯುವಾಗ ನಂಬಿಕಸ್ಥ, ಬರಿಯ ಆಕಾಶವನ್ನು ಅಳೆಯುವಾಗ ಮಾತ್ರ ಅದನ್ನು ಹೆಜ್ಜೆಹೆಜ್ಜೆಗೂ ಕಾಯಬೇಕು. ಆದರೆ ಮಧ್ಯಾಹ್ನವಾಗುತ್ತಲೇ ಮಂಜು ಏರಿಬರುವ ಆ ಬೆಟ್ಟದಲ್ಲಿ ಸೂರ್ಯನಿಗಾಗಿಯೇ ಕಾದು ಕುಳಿತರೆ ದಾಖಲೆಯ ಪುಟಗಳು ಖಾಲಿ ಉಳಿಯುತ್ತವೆ.

ಆಳೆತ್ತರಕ್ಕೆ ಸಮೀಪವಾದ ಉದ್ದದ ಈ ಉಪಕರಣದ ಒಳಗೆ ಪ್ರಿಸಮ್‌ಗಳು ಅತಿನೇರಳೆ ಬೆಳಕನ್ನು ಬಿಡಿಸುತ್ತವೆ. ಅಳತೆಗೆ ಬಳಸುವ ತರಂಗಾಂತರ ಜೋಡಿಗಳಲ್ಲೊಂದಾದ ಸಿ ಜೋಡಿಯಲ್ಲಿ 311.5 ನ್ಯಾನೋಮೀಟರ್‌ನ ಕಿರಣವನ್ನು ಓಝೋನ್ ಬಲವಾಗಿ ಹೀರುತ್ತದೆ, 332.4ರದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಡಯಲ್ ತಿರುಗಿಸಿದಂತೆ ಒಳಗಿನ ಬೆಣೆಯೊಂದು ಪ್ರಬಲವಾದ ಎರಡನೆಯ ಕಿರಣವನ್ನು ತಗ್ಗಿಸುತ್ತ ಹೋಗುತ್ತದೆ. ಎರಡೂ ಸಮವಾದಾಗ ಮೀಟರಿನ ಮುಳ್ಳು ಸೊನ್ನೆಗೆ ಬಂದು ನಿಲ್ಲುತ್ತದೆ. ಆಗ ಡಯಲ್ ತೋರುವ ಅಂಕವನ್ನೂ ಗಡಿಯಾರದ ಸಮಯವನ್ನೂ ಬರೆದುಕೊಳ್ಳಬೇಕು.

ಖಮಧ್ಯವನ್ನು, ಅಂದರೆ ನೆತ್ತಿಯ ನೇರ ಮೇಲಿನ ಆಕಾಶವನ್ನು, ಅಳೆಯಲು ಸೂರ್ಯನ ಬೆಳಕನ್ನು ಒಳಗೆ ತಿರುಗಿಸುವ ಭಾಗವನ್ನು ತೆಗೆದು, ಮೇಲಿನ ಕಿಂಡಿಯನ್ನು ನೆತ್ತಿಯ ಆಕಾಶಕ್ಕೆ ತೆರೆದಿಡುತ್ತಿದ್ದೆ. ನೇರ ಬಿಸಿಲಿನ ಒಂದು ಎಳೆಯೂ ಒಳಗೆ ಬೀಳಬಾರದು. ಅಲ್ಲಿನ ಅಕ್ಷಾಂಶ ಸುಮಾರು 10 ಡಿಗ್ರಿ ಉತ್ತರವಾದ್ದರಿಂದ ಏಪ್ರಿಲ್ ಮಧ್ಯದಲ್ಲಿ ನಡುಹಗಲಿನ ಸೂರ್ಯನೇ ನೆತ್ತಿಗೆ ಬಂದು ನಿಲ್ಲುತ್ತಾನೆ. ಆ ಹೊತ್ತಿನಲ್ಲಿ ಖಮಧ್ಯದ ಪ್ರಯತ್ನವನ್ನೇ ಕೈಬಿಡುತ್ತಿದ್ದೆ. ಚೆದುರಿದ ಬೆಳಕಿನ ದಾರಿ ನೇರ ಕಿರಣದಷ್ಟು ಸರಳವಲ್ಲದ ಕಾರಣ, ಸೂರ್ಯ ಕಂಡ ದಿನಗಳಲ್ಲಿ ಕೆಲವೇ ನಿಮಿಷಗಳ ಅಂತರದಲ್ಲಿ ಎರಡು ಬಗೆಯ ಅಳತೆಗಳನ್ನೂ ತೆಗೆದು, ತಿಂಗಳುಗಟ್ಟಲೆ ಹೋಲಿಸಿ ನಕ್ಷೆ ಸಿದ್ಧಪಡಿಸಿಕೊಳ್ಳಬೇಕಾಗುತ್ತದೆ. ಮೋಡದ ದಿನದ ಅಂಕಕ್ಕೆ ಅರ್ಥ ಬರುವುದು ಆ ನಕ್ಷೆಯಿಂದಲೇ.

ನನಗೆ ಹೆಚ್ಚು ಪ್ರಿಯವಾದದ್ದು ಉಮ್‌ಕೆಹರ್ (ಜರ್ಮನ್‌ನಲ್ಲಿ ‘ಹಿಂತಿರುವು’) ವೀಕ್ಷಣೆ. ಸೂರ್ಯ ಇಳಿಯುತ್ತಿರುವಾಗ ಖಮಧ್ಯದ ಬೆಳಕಿನಲ್ಲಿ ಡಯಲ್ ಅಂಕ ಏರುತ್ತ ಹೋಗಿ, ಸೂರ್ಯ ದಿಗಂತದಿಂದ ಸುಮಾರು ನಾಲ್ಕು ಡಿಗ್ರಿ ಎತ್ತರಕ್ಕೆ ಬಂದಾಗ ಹಿಂದಿರುಗುತ್ತದೆ. ಆ ಹೊತ್ತಿಗೆ ನಮ್ಮನ್ನು ತಲುಪುವ ಕಿರುತರಂಗದ ಬೆಳಕಿನಲ್ಲಿ ಹೆಚ್ಚಿನ ಪಾಲು ಓಝೋನ್ ಪದರಕ್ಕಿಂತ ಮೇಲೆಯೇ ಚೆದುರಿ, ಪದರವನ್ನು ಓರೆಯಾಗಿ ಹಾಯದೆ ನೆಟ್ಟಗೆ ಇಳಿದು ಬಂದಿರುತ್ತದೆ. 1929ರಲ್ಲಿ ಆರ್ಕ್ಟಿಕ್‌ನ ಸ್ಪಿಟ್ಸ್‌ಬರ್ಗನ್ ದ್ವೀಪದಲ್ಲಿ ಓಝೋನ್ ವಿಜ್ಞಾನಿ ಗೋಟ್ಸ್ ಕಂಡುಕೊಂಡ ಈ ತಿರುವಿನಿಂದಲೇ ಓಝೋನ್ ಯಾವ ಎತ್ತರದಲ್ಲಿ ಎಷ್ಟಿದೆ ಎಂದು ಲೆಕ್ಕ ಹಾಕಬಹುದು.

ಜನವರಿಯ ಒಂದು ತಿಳಿಯಾದ ಸಂಜೆ ನಾಲ್ಕಕ್ಕೆ ಇದನ್ನು ಆರಂಭಿಸಿದೆ. ಪ್ರತಿ ಅಳತೆಗೂ ಮುನ್ನ ಉಪಕರಣದ ಥರ್ಮಾಮೀಟರ್ ನೋಡಿ, ತರಂಗಾಂತರವನ್ನು ಸರಿಹೊಂದಿಸುವ ಕ್ಯೂ ಲಿವರ್‌ಗಳನ್ನು ಕೋಷ್ಟಕದಂತೆ ಸರಿಸಬೇಕು. ಇಲ್ಲವಾದರೆ ಸೀಳುಕಿಂಡಿಯ ಮೇಲೆ ಬೇರೆಯೇ ತರಂಗಾಂತರ ಬೀಳುತ್ತದೆ. ಕತ್ತಲಾಗುತ್ತ ಬಂದಂತೆ ಸಂವೇದನೆಯನ್ನು ಏರಿಸಿದೆ, ಮುಳ್ಳು ನಡುಗತೊಡಗಿತು, ನನ್ನ ಗಮನವೆಲ್ಲ ಅದರ ಮೇಲೆಯೇ ನೆಟ್ಟಿತು. ಚಳಿ ಏರುತ್ತಿದ್ದದ್ದು ನನ್ನ ಬೆರಳುಗಳಿಗೆ ತಿಳಿದಿತ್ತು, ಲಿವರ್‌ಗಳಿಗೆ ನಾನು ತಿಳಿಸಲಿಲ್ಲ. ಐದೂವರೆಗೆ ನೆನಪಾಗಿ ಸರಿಪಡಿಸಿದೆನಾದರೂ, ರಾತ್ರಿ ಅಂಕಗಳನ್ನು ಹಾಳೆಯಲ್ಲಿ ಗುರುತಿಸಿ ಗೆರೆ ಎಳೆದಾಗ ಅದೇ ನಿಮಿಷದಲ್ಲಿ ಒಂದು ಮೆಟ್ಟಿಲು ಎದ್ದು ನಿಂತಿತ್ತು. ಅದನ್ನು ನಯಗೊಳಿಸುವ ಆಸೆ ಆಗಲಿಲ್ಲವೆಂದು ಹೇಳಲಾರೆ. ಆದರೂ ಹಾಳೆಯ ಮೇಲೆ ಅಡ್ಡಗೆರೆ ಎಳೆದು ಕಾರಣ ಬರೆದಿಟ್ಟೆ.

ಮರುವಾರ ಉಪಕರಣಕ್ಕೆ ದಪ್ಪ ಕಂಬಳಿ ಹೊದಿಸಿ, ಅಂಕಗಳ ಪಕ್ಕದಲ್ಲೇ ಉಷ್ಣತೆಗೂ ಒಂದು ಕಾಲಂ ಎಳೆದುಕೊಂಡು ಕುಳಿತೆ. ಆರು ಗಂಟೆಯ ಆಸುಪಾಸಿನಲ್ಲಿ ಡಯಲ್ ಒಂದೆರಡು ನಿಮಿಷ ಕದಲದೆ ನಿಂತು, ಮೆಲ್ಲನೆ ಹಿಂದಕ್ಕೆ ಹೊರಳಿತು.