ಥ್ರಿಲ್ಲರ್ ತೆಗೀತೀರಾ? ಮೊದಲು ಫ್ರಿಜ್ ಆಫ್ ಮಾಡಿ

ಮುಂಬೈಯ ಕನ್ನಡ ಮನೆಗಳ ಕಾಲೇಜು ಮಕ್ಕಳು ತೆಗೆಯುವ ಕಿರುಚಿತ್ರಗಳನ್ನು ಕೆಲವು ವರ್ಷಗಳಿಂದ ನೋಡುತ್ತಿದ್ದೇನೆ. ಹೆಚ್ಚಿನವು ಥ್ರಿಲ್ಲರ್. ಹೋದ ವರ್ಷ ಒಂದು ಸಂಘದ ಸಭಾಂಗಣದಲ್ಲಿ ಐದು ನಿಮಿಷದ ಒಂದು ಚಿತ್ರ ಹಾಕಿದರು. ಡೊಂಬಿವಲಿಯ ಫ್ಲ್ಯಾಟು, ಒಬ್ಬಳೇ ಹುಡುಗಿ, ಬಾಗಿಲ ಹೊರಗೆ ಯಾರೋ. ಅವಳು "ಯಾರದು?" ಎಂದು ಪಿಸುಗುಟ್ಟಿದಳು. ಫ್ಯಾನಿನ ಗರಗರದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಕೇಳಿಸಿದ್ದು ಪಕ್ಕದ ಮನೆಯ ಕುಕ್ಕರ್ ಸೀಟಿ. ಹಿಂದಿನ ಸಾಲಿನಿಂದ ಯಾರೋ "ಇನ್ನೆರಡು ಆಗ್ಲಿ" ಎಂದರು. ಸಭೆಯೆಲ್ಲ ನಕ್ಕಿತು. ಆ ಹುಡುಗಿಯನ್ನು ಆಮೇಲೆ ಯಾರು ಕೊಂದರೂ ಯಾರಿಗೂ ಹೆದರಿಕೆಯಾಗಲಿಲ್ಲ.

ಕ್ಯಾಮೆರಾಗೆ ಸಾವಿರಗಟ್ಟಲೆ ಬಾಡಿಗೆ ಕೊಡುತ್ತಾರೆ, ಮೈಕಿಗೆ ನೂರು ರೂಪಾಯಿ ಬಿಚ್ಚುವುದಿಲ್ಲ. ಥ್ರಿಲ್ಲರ್‌ನಲ್ಲಿ ಹೆದರುವುದು ಕಿವಿ. ಕಣ್ಣು ಬೇಕಾದರೆ ಮುಚ್ಚಿಕೊಳ್ಳಬಹುದು, ಅಲ್ವಾ? ಅದಕ್ಕೇ ಇಲ್ಲಿ ಶಬ್ದದ ಮಾತೇ ಜಾಸ್ತಿ. ಉಳಿದ ಹಂತಗಳನ್ನು ಬೇಗ ಮುಗಿಸುತ್ತೇನೆ.

ಹಂತ 1: ಕಥೆ

ಒಂದು ಕೋಣೆ, ಇಬ್ಬರು ಮನುಷ್ಯರು, ಒಂದು ವಸ್ತು. ಐದು ನಿಮಿಷಕ್ಕೆ ಐದು ಪುಟ. ಪಾತ್ರಕ್ಕೆ ಗೊತ್ತಿಲ್ಲದ ಒಂದು ವಿಷಯ ನೋಡುವವರಿಗೆ ಗೊತ್ತಿರಲಿ. ಅವಳು ಹಾಕಿಹೋದ ಚಿಲಕ ತೆಗೆದಿರುವುದು ನಮಗೆ ಕಂಡಿದೆ, ಅವಳಿಗೆ ಕಂಡಿಲ್ಲ. ಅಷ್ಟು ಸಾಕು. "ಎಲ್ಲಾ ಕನಸು" ಎಂದು ಮಾತ್ರ ಮುಗಿಸಬೇಡಿ.

ಹಂತ 2: ಜಾಗ

ನಿಮ್ಮ ಮನೆಯೇ ಒಳ್ಳೆಯದು. ಚಾಳಿನ (ಒಂದೊಂದು ಕೋಣೆಯ ಮನೆಗಳ ಸಾಲು ಇರುವ ಹಳೇ ಕಟ್ಟಡ) ಗ್ಯಾಲರಿ ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಅಕ್ಕಪಕ್ಕದವರನ್ನು ಹಿಂದಿನ ದಿನವೇ ಕೇಳಿಕೊಳ್ಳಿ. ರೈಲು ನಿಲ್ದಾಣದಲ್ಲಿ ಅನುಮತಿಯಿಲ್ಲದೆ ತೆಗೆಯಬೇಡಿ. ಆಟಿಕೆ ಪಿಸ್ತೂಲು ಹಿಡಿದು ಬೀದಿಗೆ ಇಳಿಯಲೇಬೇಡಿ. ದೂರದಿಂದ ನೋಡುವವರಿಗೆ ಅದು ಆಟಿಕೆ ಎಂದು ಗೊತ್ತಾಗುವುದಿಲ್ಲ.

ಹಂತ 3: ಕ್ಯಾಮೆರಾ

ಫೋನ್ ಸಾಕು. ಆದರೆ ಫೋನಿನ ಜೊತೆ ಬರುವ ಆ್ಯಪ್ ಬೇಡ, ಅದು ಬೆಳಕನ್ನು ತನಗೆ ತೋಚಿದ ಹಾಗೆ ಬದಲಿಸುತ್ತಲೇ ಇರುತ್ತದೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಎಂಬ ಆ್ಯಪ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡು ಇಟ್ಟು ಲಾಕ್ ಮಾಡಿ. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರ್ ಅದಕ್ಕೆ ಹೊಂದದಿದ್ದರೆ ಚಿತ್ರದಲ್ಲಿ ಪಟ್ಟೆಗಳು ಓಡುತ್ತವೆ.

ಕತ್ತಲೆ ತೋರಿಸಲು ಕತ್ತಲೆಯಲ್ಲಿ ತೆಗೆಯಬೇಡಿ, ಬರೀ ಕಾಳುಕಾಳಾಗಿ ಬರುತ್ತದೆ. ಒಂದು ಟೇಬಲ್ ಲ್ಯಾಂಪ್ ಪಕ್ಕದಿಂದ ಮುಖದ ಅರ್ಧಕ್ಕೆ ಬೀಳಲಿ, ಉಳಿದ ದೀಪಗಳನ್ನೆಲ್ಲ ಆರಿಸಿ. ಫೋನಿಗೆ ಕ್ಲಿಪ್ ಹಾಕಿ ಕೂರಿಸುವ ಚಿಕ್ಕ ಲೆನ್ಸುಗಳು ದುಡ್ಡು ದಂಡ, ಅಂಚೆಲ್ಲ ಮಸುಕು. ರಕ್ತಕ್ಕೆ ಟೊಮೆಟೊ ಸಾಸ್ ಬೇಡ. ಬೆಲ್ಲದ ಪಾಕಕ್ಕೆ ಕೆಂಪು ಬಣ್ಣ, ಚಿಟಿಕೆ ಕೋಕೋ ಪುಡಿ ಹಾಕಿ. ಇರುವೆ ಬರುತ್ತದೆ, ಬೇಗ ಒರೆಸಿ.

ಹಂತ 4: ಶಬ್ದ ಹಿಡಿಯುವುದು

ಇಲ್ಲಿ ನಿಧಾನ ಮಾಡಿ.

ಶೂಟಿಂಗ್‌ಗೆ ಮುಂಚೆ ಕೋಣೆಯ ನಡುವೆ ಕಣ್ಣುಮುಚ್ಚಿ ಎರಡು ನಿಮಿಷ ನಿಲ್ಲಿ. ಏನೇನು ಕೇಳಿಸುತ್ತದೆ ಎಂದು ಬರೆದುಕೊಳ್ಳಿ. ಫ್ಯಾನು, ಫ್ರಿಜ್ಜು, ನೀರಿನ ಪಂಪು, ಕಾಗೆ, ಮೇಲಿನ ಮನೆಯ ಮಿಕ್ಸಿ, ಲೋಕಲ್ ಗಾಡಿ. ನಿಮ್ಮ ಕೈಯಲ್ಲಿರುವುದನ್ನೆಲ್ಲ ಆಫ್ ಮಾಡಿ. ಶೂಟಿಂಗ್ ಬೇರೆಯವರ ಮನೆಯಲ್ಲಾದರೆ, ಫ್ರಿಜ್ ಆಫ್ ಮಾಡುವಾಗ ನಿಮ್ಮ ಮನೆ ಬೀಗದ ಕೈಯನ್ನು ಅದರೊಳಗೇ ಇಡಿ. ಇದು ಶಬ್ದದ ಕೆಲಸ ಮಾಡುವವರ ಹಳೇ ಉಪಾಯ. ಬೀಗದ ಕೈ ಇಲ್ಲದೆ ಮನೆಗೆ ಹೋಗಲಾರಿರಿ, ಹಾಗಾಗಿ ಫ್ರಿಜ್ ಮತ್ತೆ ಆನ್ ಮಾಡದೆಯೂ ಹೋಗಲಾರಿರಿ. ಇದನ್ನು ಹೇಳಿಯೂ ಕೇಳದ ಒಂದು ತಂಡ ಒಬ್ಬರ ಅಜ್ಜಿಯ ದೋಸೆ ಹಿಟ್ಟನ್ನು ಉಕ್ಕಿಸಿ ಹಾಳು ಮಾಡಿತು. ಆ ಮನೆಯಲ್ಲಿ ಮತ್ತೆ ಶೂಟಿಂಗ್ ಇಲ್ಲ.

ಮಾತಿಗೆ ವೈರ್ ಇರುವ ಕಾಲರ್ ಮೈಕ್ ತೊಗೊಳ್ಳಿ. ಅದನ್ನು ಇನ್ನೊಂದು ಫೋನಿಗೆ ಸಿಕ್ಕಿಸಿ, ಆ ಫೋನನ್ನು ನಟನ ಜೇಬಿಗೆ ಹಾಕಿ, ಏರ್‌ಪ್ಲೇನ್ ಮೋಡ್‌ನಲ್ಲಿಡಿ. ಎಷ್ಟೋ ಹೊಸ ಫೋನುಗಳಲ್ಲಿ ಹೆಡ್‌ಫೋನಿನ ದುಂಡಗಿನ ತೂತು ಇರುವುದಿಲ್ಲ, ಅವಕ್ಕೆ ಅಡಾಪ್ಟರ್ ಬೇಕು. ಮೈಕು ಗದ್ದದಿಂದ ಒಂದು ಗೇಣು ಕೆಳಗಿರಲಿ. ಬಟ್ಟೆ ಉಜ್ಜಿ ಕರಕರ ಅಂದರೆ ಮೆಡಿಕಲ್ ಅಂಗಡಿಯ ಪೇಪರ್ ಟೇಪಿನಿಂದ ಅಂಟಿಸಿ. ಅತಿ ಅಗ್ಗದ ವೈರ್‌ಲೆಸ್ ಮೈಕುಗಳನ್ನು ನಾನು ನಂಬುವುದಿಲ್ಲ. ಅವು ಕೈಕೊಡುವುದು ಒಳ್ಳೇ ಟೇಕ್ ಬಂದಾಗಲೇ.

ರೆಕಾರ್ಡಿಂಗ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್ ಇರಲಿ. ಅದರಲ್ಲಿ ಶಬ್ದದ ಮಟ್ಟ ತೋರಿಸುವ ಮೀಟರಿನ ಮುಳ್ಳು ಮೈನಸ್ 12 ಡೆಸಿಬೆಲ್ ಆಸುಪಾಸು ಆಡಲಿ. ಸೊನ್ನೆ ಮುಟ್ಟಿದರೆ ಕಿರುಚಾಟ ಒಡೆದುಹೋಗುತ್ತದೆ, ಮತ್ತೆ ಸರಿಮಾಡಲಾಗದು. ಥ್ರಿಲ್ಲರ್‌ನಲ್ಲಿ ಪಿಸುಮಾತೂ ಇದೆ, ಕಿರುಚಾಟವೂ ಇದೆ. ಎರಡನ್ನೂ ಒಂದೇ ಟೇಕಿನಲ್ಲಿ ಹಿಡಿಯಲು ಹೋಗಬೇಡಿ. ಲೆವೆಲ್ ಬದಲಿಸಿ ಎರಡು ಸಲ ತೆಗೆಯಿರಿ.

ಪ್ರತಿ ಟೇಕ್ ಶುರುವಾಗುವಾಗ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ. ಆಮೇಲೆ ಚಿತ್ರವನ್ನೂ ಶಬ್ದವನ್ನೂ ಜೋಡಿಸಲು ಅದೇ ಗುರುತು. ನಾಚಿಕೊಂಡು ಬಿಟ್ಟವರು ಎಡಿಟಿಂಗ್‌ನಲ್ಲಿ ರಾತ್ರಿಯಿಡೀ ತುಟಿ ನೋಡಿಕೊಂಡು ಕೂತಿದ್ದನ್ನು ಕಂಡಿದ್ದೇನೆ.

ಕೊನೆಗೆ, ಯಾರೂ ಮಾಡದ ಕೆಲಸ. ಎಲ್ಲರನ್ನೂ ಇದ್ದಲ್ಲೇ ನಿಲ್ಲಿಸಿ ಒಂದು ನಿಮಿಷ ಬರೀ ಕೋಣೆಯನ್ನು ರೆಕಾರ್ಡ್ ಮಾಡಿ. ಮೌನಕ್ಕೂ ಒಂದು ಸದ್ದಿದೆ, ಅದು ಕೋಣೆಯಿಂದ ಕೋಣೆಗೆ ಬೇರೆ. ಅದನ್ನು ಮಾತಿನ ನಡುವಿನ ಸಂದುಗಳಿಗೆ ತುಂಬದಿದ್ದರೆ ಒಂದು ಶಾಟಿನಿಂದ ಇನ್ನೊಂದಕ್ಕೆ ಹೋಗುವ ಪ್ರತಿ ಕಟ್ಟಿನಲ್ಲೂ ಕಿವಿ ಎಡವುತ್ತದೆ. ಹಳಿ ಪಕ್ಕದ ಮನೆಯಾದರೆ ಇದನ್ನು ರಾತ್ರಿ ಲೋಕಲ್ ಓಡಾಟ ನಿಂತಿರುವ ಎರಡು ಮೂರು ಗಂಟೆಗಳಲ್ಲಿ ಮಾಡಿ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಶೂಟಿಂಗ್ ಇಟ್ಟುಕೊಳ್ಳಲೇಬೇಡಿ. ಒಂದು ಶಾಟಿಗೆ ಜಡಿಮಳೆ, ಮುಂದಿನ ಶಾಟಿಗೆ ಹನಿ.

"ಆಮೇಲೆ ಆ್ಯಪ್‌ನಲ್ಲಿ ಗದ್ದಲ ತೆಗೀತೀವಿ ಬಿಡಿ" ಅನ್ನುತ್ತಾರೆ. ತೆಗೆಯಬಹುದು. ಜಾಸ್ತಿ ತೆಗೆದರೆ ನಟರು ಬಾವಿಯೊಳಗಿಂದ ಮಾತಾಡಿದಂತೆ ಕೇಳಿಸುತ್ತದೆ.

ಹಂತ 5: ಎಡಿಟಿಂಗ್

ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನ ಪುಕ್ಕಟೆ ಆವೃತ್ತಿ ಸಾಕು. ಒಂದು ಎಚ್ಚರಿಕೆ. ಫೋನಿನ ಮಾಮೂಲಿ ಆ್ಯಪ್‌ನಲ್ಲಿ ತೆಗೆದಿದ್ದರೆ ಫ್ರೇಮುಗಳ ವೇಗ ಏರಿಳಿಯುತ್ತಿರುತ್ತದೆ. ಚಪ್ಪಾಳೆ ಕೂಡಿಸಿದರೂ ಎರಡು ನಿಮಿಷದ ಹೊತ್ತಿಗೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಮೊದಲು ಹ್ಯಾಂಡ್‌ಬ್ರೇಕ್ ಎಂಬ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟ್ ಆರಿಸಿ ಬದಲಿಸಿಕೊಳ್ಳಿ.

ಮೊದಲ ಜೋಡಣೆ ಸಂಗೀತವಿಲ್ಲದೆ ಮಾಡಿ. ಸಂಗೀತ ಹಾಕಿದ ಮೇಲೆ ಕೆಟ್ಟ ಕಟ್ಟೂ ಚೆನ್ನಾಗಿ ಕಾಣುತ್ತದೆ. ಮುಂದಿನ ಶಾಟಿನ ಶಬ್ದವನ್ನು ಹಿಂದಿನ ಶಾಟಿಗೇ ಸ್ವಲ್ಪ ಎಳೆದು ತನ್ನಿ. ಅವಳು ಇನ್ನೂ ಪುಸ್ತಕ ಓದುತ್ತಿದ್ದಾಳೆ, ಚಿಲಕ ಸರಿಯುವ ಸದ್ದು ಕೇಳಿಸಿತು, ಆಮೇಲೆ ಬಾಗಿಲು ತೋರಿಸಿ. ಚಪ್ಪಲಿ ಸದ್ದು, ಚಿಲಕದ ಸದ್ದು, ಎಲ್ಲವನ್ನೂ ಬೇರೆಯಾಗಿ ಮೈಕಿನ ಹತ್ತಿರ ಹಿಡಿದು ಸೇರಿಸಿ. ಚಾಕು ಇಳಿಯುವುದಕ್ಕೆ ಎಲೆಕೋಸು, ಮೂಳೆ ಮುರಿಯುವುದಕ್ಕೆ ಕ್ಯಾರೆಟ್. ಆಮೇಲೆ ಪಲ್ಯ ಮಾಡಿಕೊಳ್ಳಬಹುದು.

ಬಾಗಿಲು ತೆರೆದಾಗ "ಢಂ" ಎಂದು ಹಾಕುವುದನ್ನು ದಯವಿಟ್ಟು ಬಿಡಿ. ಅದರ ಬದಲು ಇದನ್ನು ಮಾಡಿ. ಶೂಟಿಂಗ್‌ನಲ್ಲಿ ಆಫ್ ಮಾಡಿದಿರಲ್ಲ, ಆ ಫ್ಯಾನಿನ ಸದ್ದನ್ನು ಬೇರೆಯಾಗಿ ಹಿಡಿದಿಟ್ಟುಕೊಳ್ಳಿ. ಸ್ವಿಚ್ ಆಫ್ ಮಾಡಿ ರೆಕ್ಕೆಗಳು ನಿಲ್ಲುವವರೆಗೂ ಹಿಡಿಯಿರಿ. ಸೀನಿನ ಕೆಳಗೆ ಮೊದಲಿನಿಂದಲೂ ಅದನ್ನು ಸಣ್ಣಗೆ ಓಡಿಸಿ. ನೋಡುವವರು ಮರೆತೇಬಿಡುತ್ತಾರೆ. ಮೂರನೇ ನಿಮಿಷಕ್ಕೆ ಕರೆಂಟು ಹೋಗಲಿ. ಫ್ಯಾನು ನಿಧಾನವಾಗಿ, ಟಕ್, ಟಕ್ ಎಂದು ನಿಲ್ಲಲಿ. ಈಗ ಅವಳು "ಯಾರದು?" ಎಂದು ಪಿಸುಗುಟ್ಟಲಿ.

ಹಂತ 6: ತೋರಿಸುವುದು

ಒಂದೇ ಮೈಕಿನ ಮಾತು ಕೆಲವೊಮ್ಮೆ ಎಡಗಡೆ ಸ್ಪೀಕರಿಗೆ ಮಾತ್ರ ಹೋಗಿ ಕೂತಿರುತ್ತದೆ. ಹೆಡ್‌ಫೋನಿನ ಒಂದೊಂದೇ ಕಿವಿ ಹಾಕಿ ನೋಡಿ, ಎರಡರಲ್ಲೂ ಬರುವಂತೆ ಸರಿಮಾಡಿ. ಚಿತ್ರವನ್ನು ಎರಡು ಪೆನ್‌ಡ್ರೈವ್‌ಗೆ ಹಾಕಿ. ಸಭಾಂಗಣಕ್ಕೆ ಅರ್ಧ ಗಂಟೆ ಮುಂಚೆ ಹೋಗಿ, ಪಿಸುಮಾತಿನ ಸೀನನ್ನೇ ಹಾಕಿಸಿ, ಕೊನೇ ಸಾಲಿನಲ್ಲಿ ಕೂತು ಕೇಳಿ. ಅಲ್ಲಿನ ಫ್ಯಾನುಗಳೆಲ್ಲ ಓಡುತ್ತಿರಲಿ.