ಜರ್ಮನಿಯಲ್ಲಿ ಓದ್ತಾ ವರ್ಷಕ್ಕೊಂದ್ಸಲ ಊರಿಗೆ ಬರೋದು ಹೇಗೆ?

ಮಾಸ್ಟರ್ಸ್ ಮಾಡೋಕೆ ಅಂತ ಜರ್ಮನಿಗೆ ಹೋಗಿರೋ ನಮ್ಮ ಹುಡುಗ್ರು ಟಿಕೆಟ್ ಬುಕ್ ಮಾಡೋ ರೀತಿ ನೋಡಿದ್ರೆ ತಲೆ ಚಚ್ಕೊಳ್ಳೋಣ ಅನ್ಸತ್ತೆ. ಅಕ್ಟೋಬರ್ ಮುಗಿಯೋವರೆಗೆ ಮನೆ ಸುದ್ದಿನೇ ಎತ್ತಲ್ಲ, ಆಮೇಲೆ ಸಂಜೆ ನಾಲ್ಕೂವರೆಗೇ ಕತ್ತಲಾಗೋಕೆ ಶುರುವಾಗತ್ತೆ, ಮಳೆ ಬಿಡಲ್ಲ, ಅಮ್ಮ ಫೋನಲ್ಲಿ "ಯಾವಾಗ್ ಬರ್ತೀಯೋ" ಅಂತ ಒಂದು ಮಾತು ಕೇಳಿದ್ರೆ ಸಾಕು, ಆ ರಾತ್ರಿನೇ ಡಿಸೆಂಬರ್ 20ಕ್ಕೆ ಸಾವಿರ ಚಿಲ್ಲರೆ ಯೂರೋ ಕೊಟ್ಟು ಟಿಕೆಟ್ ಒತ್ತಿಬಿಡ್ತಾರೆ. ಆಮೇಲೆ ಮಾರ್ಚ್‌ವರೆಗೆ ಪಾಸ್ತಾ ತಿನ್ಕೊಂಡಿರ್ತಾರೆ. ನಾನೂ ಮೊದಲ ವರ್ಷ ಆಖನ್‌ನಲ್ಲಿ ಇದೇ ಕೆಲಸ ಮಾಡಿದ್ದೆ, ಅದಕ್ಕೇ ಹೇಳ್ತಿರೋದು.

ಹೆಜ್ಜೆ 1: ಮೊದ್ಲು ತಿಂಗಳು, ಆಮೇಲೆ ಟಿಕೆಟ್

ಡಿಸೆಂಬರ್ ಮರೆತುಬಿಡಿ. ಕ್ರಿಸ್‌ಮಸ್‌ಗೆ ಸಿಗೋದೇ ಎರಡು ವಾರ ರಜ, ಇಡೀ ಯುರೋಪ್ ಆಗ್ಲೇ ವಿಮಾನ ಹತ್ತತ್ತೆ, ಬಂದ ತಕ್ಷಣ ಎಕ್ಸಾಮ್ ತಯಾರಿ. ಅಲ್ಲಿ ಪಾಠ ನಡೆಯೋದು ಹೆಚ್ಚುಕಮ್ಮಿ ಅಕ್ಟೋಬರ್ ಮಧ್ಯದಿಂದ ಫೆಬ್ರವರಿ ಮೊದಲರ್ಧದವರೆಗೆ, ಆಮೇಲೆ ಏಪ್ರಿಲ್‌ನಿಂದ ಜುಲೈವರೆಗೆ. ಅಂದ್ರೆ ನಿಜವಾದ ರಜ ಫೆಬ್ರವರಿ-ಮಾರ್ಚ್, ಮತ್ತೆ ಆಗಸ್ಟ್-ಸೆಪ್ಟೆಂಬರ್. ನಮ್ಮ ಅದೃಷ್ಟಕ್ಕೆ ಯುಗಾದಿ ಮತ್ತೆ ಗೌರಿ-ಗಣೇಶ ಎರಡೂ ಬಹುತೇಕ ವರ್ಷ ಇದೇ ಗ್ಯಾಪಲ್ಲಿ ಅಥವಾ ಅದರ ಅಂಚಲ್ಲಿ ಬೀಳತ್ತೆ. 2026ರಲ್ಲಿ ನೋಡಿ, ಯುಗಾದಿ ಮಾರ್ಚ್ 19, ಗಣೇಶ ಚತುರ್ಥಿ ಸೆಪ್ಟೆಂಬರ್ 14. ನನ್ನ ಓಟು ಫೆಬ್ರವರಿ-ಮಾರ್ಚ್‌ಗೆ, ಆಗ ರೇಟು ಇಳಿದಿರತ್ತೆ, ಊರಲ್ಲಿ ಮಳೆ ಇರಲ್ಲ, ಅವರೆಕಾಯಿ ಮುಗಿಯೋದ್ರೊಳಗೆ ಬಂದ್ರೆ ಅದೂ ಸಿಗತ್ತೆ. ಆಗಸ್ಟ್ ಮೊದಲೆರಡು ವಾರ ಬೇಡ, ಅವ್ರ ಸ್ಕೂಲ್ ರಜ, ಟಿಕೆಟ್ ಮುಟ್ಟೋಕಾಗಲ್ಲ.

ಒಂದೇ ತೊಂದ್ರೆ ಅಂದ್ರೆ ಎಕ್ಸಾಮ್ ಡೇಟು, ರಜದಲ್ಲೇ ಇಡ್ತಾರೆ. ಡೇಟ್ ಬರೋ ಮುಂಚೆ ಬುಕ್ ಮಾಡೋದಾದ್ರೆ ಮೂವತ್ತು-ನಲವತ್ತು ಯೂರೋ ಜಾಸ್ತಿ ಕೊಟ್ಟು ಡೇಟ್ ಬದಲಾಯಿಸೋಕೆ ಬಿಡೋ ಫೇರ್ ತಗೊಳ್ಳಿ.

ಹೆಜ್ಜೆ 2: ದುಡ್ಡು

ಬ್ಲಾಕ್ಡ್ ಅಕೌಂಟಿಂದ (ವೀಸಾಗೆ ಅಂತ ಮೊದ್ಲೇ ದುಡ್ಡು ಕಟ್ಟಿಟ್ಟಿರೋ ಖಾತೆ) ತಿಂಗಳಿಗೆ ಬರೋ 992 ಯೂರೋದಲ್ಲಿ ಉಳಿಸ್ತೀನಿ ಅನ್ನೋದು ಕನಸು, ಬಾಡಿಗೆ ಮತ್ತೆ ಇನ್ಶೂರೆನ್ಸ್‌ಗೇ ಅರ್ಧ ಹೋಗತ್ತೆ. ಕೆಲಸದ ದುಡ್ಡಲ್ಲಿ ಉಳಿಸಿ. ಸ್ಟೂಡೆಂಟ್ ಪರ್ಮಿಟಲ್ಲಿ (ಓದೋಕೆ ಅಂತ ಅಲ್ಲಿ ಇರೋಕೆ ಕೊಡೋ ಅನುಮತಿ) ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು, 2026ರ ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ. 620 ಯೂರೋ ಟಿಕೆಟ್ ಅಂದ್ರೆ ಸುಮಾರು 45 ಗಂಟೆ ಪ್ಲೇಟ್ ತೊಳೆಯೋದು. ಹೀಗೆ ಗಂಟೆ ಲೆಕ್ಕದಲ್ಲಿ ನೋಡಿದ್ರೆ ಡಿಸೆಂಬರ್ ಟಿಕೆಟ್ ಒತ್ತೋಕೆ ಬೆರಳು ಮುಂದೆ ಹೋಗಲ್ಲ. ತಿಂಗಳಿಗೆ 60 ಯೂರೋ ಬೇರೆ ಅಕೌಂಟಿಗೆ ಹಾಕಿ, ವರ್ಷಕ್ಕೆ 720 ಆಯ್ತು.

ಹೆಜ್ಜೆ 3: ಪರ್ಮಿಟ್ ಕಾರ್ಡ್ ತೆಗೆದು ನೋಡಿ

ಈಗ್ಲೇ ನೋಡಿ, ಓದಿದ್ಮೇಲೆ ಅಲ್ಲ. ವಾಪಸ್ ಬರೋ ದಿನಕ್ಕಿಂತ ಮುಂಚೆ ಕಾರ್ಡ್ ಎಕ್ಸ್‌ಪೈರ್ ಆಗತ್ತಾದ್ರೆ ಔಸ್‌ಲೆಂಡರ್‌ಬೆಹೋರ್ಡೆಗೆ, ಅಂದ್ರೆ ವಿದೇಶಿಯರ ಪರ್ಮಿಟ್ ನೋಡ್ಕೊಳ್ಳೋ ಆಫೀಸಿಗೆ, ತಿಂಗಳುಗಟ್ಟಲೆ ಮುಂಚೆ ಅರ್ಜಿ ಹಾಕ್ಬೇಕು, ಅಪಾಯಿಂಟ್‌ಮೆಂಟ್ ಸಿಗೋದೇ ಒಂದು ತಪಸ್ಸು. ಹೊಸ ಕಾರ್ಡ್ ಬರೋವರೆಗೆ ಫಿಕ್ಷಿಯೋನ್ಸ್‌ಬೆಶೈನಿಗುಂಗ್ ಅಂತ ಒಂದು ಪೇಪರ್ ಕೊಡ್ತಾರೆ. ಅದ್ರಲ್ಲಿ ಎಲ್ಲಿ ಟಿಕ್ ಆಗಿದೆ ಅನ್ನೋದೇ ಮುಖ್ಯ: ಅಲ್ಲಿನ ವಾಸದ ಕಾನೂನಿನ 81ನೇ ಸೆಕ್ಷನ್‌ನ 4ನೇ ಉಪವಿಭಾಗಕ್ಕೆ ಟಿಕ್ ಇದ್ರೆ ಹೊರಗೆ ಹೋಗಿ ವಾಪಸ್ ಬರಬಹುದು, 3ನೇದಕ್ಕಿದ್ರೆ ಅದನ್ನ ನಂಬ್ಕೊಂಡು ದೇಶ ಬಿಡ್ಬೇಡಿ, ಬೆಂಗಳೂರಲ್ಲಿ ಕೂತ್ಕೊಂಡು ಹೊಸ ವೀಸಾಗೆ ಅಲೀಬೇಕಾಗತ್ತೆ. ಮತ್ತೆ ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ರೆ ಸಾಮಾನ್ಯವಾಗಿ ಪರ್ಮಿಟ್ಟೇ ಬಿದ್ದುಹೋಗತ್ತೆ.

ಹೆಜ್ಜೆ 4: ಟಿಕೆಟ್, ಎಲ್ಲರೂ ಎಡವೋ ಜಾಗ

ಎಲ್ಲರೂ ಸರ್ಚ್ ಮಾಡಿ "ಕಡಿಮೆಯಿಂದ ಹೆಚ್ಚಿಗೆ" ಅಂತ ಜೋಡಿಸಿ ಮೊದಲನೇದನ್ನ ಒತ್ತುತಾರೆ. ಆ ಮೊದಲನೇ ಟಿಕೆಟ್ಟೇ ಎಷ್ಟೋ ಸಲ ಸುಳ್ಳು ಅಗ್ಗ.

ದಾವಣಗೆರೆ ಕಡೆ ನನ್ನ ರೂಮ್‌ಮೇಟ್ ಒಬ್ಬ ಇದ್ದ. ಬೆಂಗಳೂರಿಗೆ ಒಂದೇ ಟಿಕೆಟ್ ತಗೊಳ್ಳೋ ಬದ್ಲು ಮುಂಬೈವರೆಗೆ ಒಂದು ಟಿಕೆಟ್, ಮುಂಬೈಯಿಂದ ಬೆಂಗಳೂರಿಗೆ ಬೇರೆ ಕಂಪನಿದು ಇನ್ನೊಂದು, ಹೀಗೆ ತಗೊಂಡು 85 ಯೂರೋ ಉಳಿಸಿದೆ ಅಂತ ಇಡೀ ಫ್ಲೋರಿಗೆ ಹೇಳ್ಕೊಂಡು ತಿರುಗ್ದ. ಮಧ್ಯೆ ಮೂರೂವರೆ ಗಂಟೆ ಟೈಮ್ ಇತ್ತು. ಫ್ರಾಂಕ್‌ಫರ್ಟಲ್ಲಿ ವಿಮಾನ ಒಂದು ಗಂಟೆ ಲೇಟ್. ಮುಂಬೈಯಲ್ಲಿ ಇಮಿಗ್ರೇಶನ್ ಕ್ಯೂ, ಬ್ಯಾಗ್ ಬರೋಕೆ ಮುಕ್ಕಾಲು ಗಂಟೆ, ಕಸ್ಟಮ್ಸ್. ಹೊರಗೆ ಬಂದು ನೋಡಿದ್ರೆ ಬೆಂಗಳೂರು ವಿಮಾನ ಟರ್ಮಿನಲ್ 1ರಿಂದ, ಇವನು ಇಳಿದಿದ್ದು ಟರ್ಮಿನಲ್ 2ರಲ್ಲಿ, ಅವೆರಡೂ ಪಕ್ಕಪಕ್ಕ ಇಲ್ಲ, ಊರೊಳಗಿನ ಟ್ರಾಫಿಕ್ ದಾಟಿ ಹೋಗ್ಬೇಕು. ಹೆಂಗೋ ಕೌಂಟರ್ ಮುಟ್ಟಿದ್ರೆ ಅಲ್ಲಿ ತೂಕದ ಕತೆ ಶುರು. ಹೊರದೇಶದ ಟಿಕೆಟಲ್ಲಿ 23 ಕೆಜಿದು ಎರಡು ಬ್ಯಾಗ್ ಬಿಟ್ಟಿದ್ರು, ನಮ್ಮ ಡೊಮೆಸ್ಟಿಕ್‌ನಲ್ಲಿ ಸಾಮಾನ್ಯವಾಗಿ ಬಿಡೋದು 15 ಕೆಜಿ. ಪಾಪ ಅವನು ನೆಲದ ಮೇಲೆ ಎರಡೂ ಸೂಟ್‌ಕೇಸ್ ಬಿಚ್ಚಿ, ಅಷ್ಟು ಸೆಖೆಯಲ್ಲಿ ಮೂರು ಜಾಕೆಟ್ ಒಂದರ ಮೇಲೊಂದು ಹಾಕ್ಕೊಂಡು, ಜೇಬಿಗೆಲ್ಲ ಚಾಕೊಲೇಟ್ ತುರುಕಿ, ಅಷ್ಟರಲ್ಲಿ ಕೌಂಟರ್ ಕ್ಲೋಸ್ ಆಯ್ತು. ಹೊಸ ಟಿಕೆಟ್, ಜಾಸ್ತಿ ತೂಕದ ಚಾರ್ಜು, ಟ್ಯಾಕ್ಸಿ ಎಲ್ಲ ಸೇರಿ ಉಳಿಸಿದ್ರ ಎರಡರಷ್ಟು ಹೋಯ್ತು. ಅವರಪ್ಪ ಬೆಂಗಳೂರಿಗೆ ಬಂದು ಕಾಯ್ತಾ ಇದ್ರು, ಅದು ಬೇರೆ.

ಹಾಗಾಗಿ ನನ್ನ ನಿಯಮ ಇಷ್ಟೇ: ಹತ್ತೋ ಊರಿಂದ ಬೆಂಗಳೂರವರೆಗೆ ಒಂದೇ ಬುಕಿಂಗ್, ಒಂದೇ ಪಿಎನ್ಆರ್. ಸರ್ಚಲ್ಲಿ "ಸೆಲ್ಫ್ ಟ್ರಾನ್ಸ್‌ಫರ್" (ಅಂದ್ರೆ ಬೇರೆ ಬೇರೆ ಟಿಕೆಟ್, ಮಧ್ಯೆ ನಿಮ್ಮ ಪಾಡು ನಿಮ್ದು) ಅಂತ ಸಣ್ಣ ಅಕ್ಷರದಲ್ಲಿ ಕಂಡ್ರೆ ಮುಂದಕ್ಕೆ ಹೋಗಿ. ಒಂದೇ ಬುಕಿಂಗ್ ಆದ್ರೆ ಮೊದಲ ವಿಮಾನ ಲೇಟಾಗಿ ಎರಡನೇದು ತಪ್ಪಿದ್ರೂ ಮುಂದಿನದ್ರಲ್ಲಿ ಕೂರಿಸೋದು ಅವ್ರ ಜವಾಬ್ದಾರಿ. ಜೊತೆಗೆ ಯುರೋಪಿಯನ್ ಯೂನಿಯನ್‌ದು 261ನೇ ನಿಯಮ ಅಂತಿದೆ, ಜರ್ಮನಿಯಿಂದ ಹೊರಡೋ ಯಾವ ಕಂಪನಿ ವಿಮಾನಕ್ಕೂ ಅನ್ವಯ ಆಗತ್ತೆ, ಕಂಪನಿ ತಪ್ಪಿಂದ ಬೆಂಗಳೂರಿಗೆ ಮೂರು ಗಂಟೆಗಿಂತ ಜಾಸ್ತಿ ಲೇಟಾಗಿ ಮುಟ್ಟಿದ್ರೆ 600 ಯೂರೋವರೆಗೆ ಪರಿಹಾರ ಕೇಳಬಹುದು. ವಾಪಸ್ ಬರೋವಾಗ ಮಾತ್ರ ಯುರೋಪಿನ ಕಂಪನಿ ವಿಮಾನ ಆಗಿದ್ರಷ್ಟೇ. ಬೇರೆ ಬೇರೆ ಟಿಕೆಟ್ ತಗೊಂಡೋರಿಗೆ ತಪ್ಪಿಹೋದ ಎರಡನೇ ವಿಮಾನದ ಬಗ್ಗೆ ಯಾರೂ ಉತ್ತರ ಕೊಡಲ್ಲ.

ದೆಹಲಿ, ಮುಂಬೈ ಮೇಲೆ ಬರೋದಾದ್ರೆ ಒಂದೇ ಬುಕಿಂಗ್ ಇದ್ರೂ ಇಮಿಗ್ರೇಶನ್, ಕಸ್ಟಮ್ಸ್ ಅಲ್ಲೇ ಮುಗಿಸಿ ಬ್ಯಾಗ್ ತಗೊಂಡು ಮತ್ತೆ ಕೊಡ್ಬೇಕು, ಅದಕ್ಕೆ ಮೂರು ಗಂಟೆಯಾದ್ರೂ ಬಿಡಿ. ದುಬೈ, ದೋಹಾ, ಅಬುಧಾಬಿ ಮೇಲೆ ಬಂದ್ರೆ ಆ ತಲೆನೋವಿಲ್ಲ, ಬ್ಯಾಗ್ ಸೀದಾ ಬೆಂಗಳೂರಿಗೆ. ಫ್ರಾಂಕ್‌ಫರ್ಟಿಂದ ಲುಫ್ತಾನ್ಸಾ ಡೈರೆಕ್ಟ್ ಇದೆ, ಸುಮಾರು ಒಂಬತ್ತು ಗಂಟೆ, ಫೆಬ್ರವರಿಯಲ್ಲಿ ಒಮ್ಮೊಮ್ಮೆ ಗಲ್ಫ್ ರೇಟಿಗೇ ಸಿಗತ್ತೆ, ಐವತ್ತು ಯೂರೋ ಜಾಸ್ತಿ ಆದ್ರೂ ನಾನು ಅದನ್ನೇ ತಗೊಳ್ಳೋದು.

ಗೂಗಲ್ ಫ್ಲೈಟ್ಸ್, ಸ್ಕೈಸ್ಕ್ಯಾನರ್ ಎಲ್ಲ ನೋಡೋಕೆ, ಕೊಳ್ಳೋಕೆ ಏರ್‌ಲೈನ್ ವೆಬ್‌ಸೈಟು. ಹೆಸರೇ ಕೇಳಿರದ ಏಜೆಂಟ್ ಸೈಟಲ್ಲಿ 20 ಯೂರೋ ಕಮ್ಮಿ ಅಂತ ಒಂದ್ಸಲ ತಗೊಂಡಿದ್ದೆ, ಕ್ಯಾನ್ಸಲ್ ಆದ್ಮೇಲೆ ರಿಫಂಡಿಗೆ ಏರ್‌ಲೈನ್‌ನೋರು ಏಜೆಂಟ್ ಕೇಳಿ ಅಂದ್ರು, ಏಜೆಂಟ್ ಮೇಲ್‌ಗೆ ಉತ್ರನೇ ಇಲ್ಲ, ದುಡ್ಡು ಬರೋಕೆ ಏಳು ತಿಂಗಳು. ಎಮಿರೇಟ್ಸ್, ಕತಾರ್ ಇವರ ಹತ್ರ ಸ್ಟೂಡೆಂಟ್ ಆಫರ್ ಇರತ್ತೆ, ರೇಟಿಗಿಂತ ಎಕ್ಸ್ಟ್ರಾ ಲಗೇಜ್ ಆಸೆಗೆ ನೋಡ್ಬೇಕು, ಷರತ್ತು ಓದಿ. ಪೇಮೆಂಟ್ ಜರ್ಮನ್ ಕಾರ್ಡಲ್ಲಿ, ಯೂರೋದಲ್ಲೇ. ಅಪ್ಪನ ಕಾರ್ಡ್ ಕೊಟ್ರೆ ಬ್ಯಾಂಕ್‌ನೋರು ಫಾರಿನ್ ಕರೆನ್ಸಿ ಮಾರ್ಕಪ್ ಅಂತ ಸಾಮಾನ್ಯವಾಗಿ 2ರಿಂದ 3.5 ಪರ್ಸೆಂಟ್, ಅದ್ರ ಮೇಲೆ ಜಿಎಸ್‌ಟಿ ಎಳ್ಕೋತಾರೆ.

ಇನ್ನೊಂದು ಅತಿಬುದ್ಧಿವಂತಿಕೆ: ರಿಟರ್ನ್ ಟಿಕೆಟ್ ಅಗ್ಗ ಅಂತ ತಗೊಂಡು ಮೊದಲರ್ಧ ಬಿಟ್ಟು ಎರಡನೇ ಅರ್ಧ ಮಾತ್ರ ಉಪಯೋಗಿಸೋಣ ಅನ್ನೋದು. ಮೊದಲ ವಿಮಾನ ಹತ್ತಲಿಲ್ಲ ಅಂದ್ರೆ ಉಳಿದಿದ್ದೆಲ್ಲ ತಾನೇ ಕ್ಯಾನ್ಸಲ್ ಆಗತ್ತೆ.

ಹೆಜ್ಜೆ 5: ಖಾಲಿ ರೂಮಿಗೆ ಬಾಡಿಗೆ ಕಟ್ಬೇಡಿ

ಇದನ್ನ ನಮ್ಮೋರು ಯೋಚ್ನೆನೇ ಮಾಡಲ್ಲ, ಆದ್ರೆ ದೊಡ್ಡ ದುಡ್ಡು ಉಳಿಯೋದು ಇಲ್ಲೇ. ನೀವು ಆರು ವಾರ ಊರಲ್ಲಿ ಹೋಳಿಗೆ ತಿಂತಿರ್ತೀರಿ, ಅಲ್ಲಿ ರೂಮಿಗೆ ತಿಂಗಳಿಗೆ 350 ಯೂರೋ ಹೋಗ್ತಿರತ್ತೆ. ಝ್ವಿಷೆನ್‌ಮೀಟೆ ಅಂತ ಕೇಳಿರ್ತೀರಲ್ಲ, ಅಂದ್ರೆ ನೀವಿಲ್ಲದಾಗ ರೂಮನ್ನ ಸ್ವಲ್ಪ ದಿನಕ್ಕೆ ಬೇರೆಯವ್ರಿಗೆ ಬಾಡಿಗೆಗೆ ಕೊಡೋದು, ಇಂಟರ್ನ್‌ಶಿಪ್‌ಗೆ ಬರೋರು, ಹೊಸದಾಗಿ ಬಂದು ರೂಮ್ ಸಿಗದೆ ಒದ್ದಾಡೋರು ಫೆಬ್ರವರಿ-ಮಾರ್ಚಲ್ಲಿ ತುಂಬಾ ಜನ. ಅವ್ರಿಗೆ ಕೊಡಿ. ಮನೆ ಓನರ್ ಅಥವಾ ಹಾಸ್ಟೆಲ್ ನಡೆಸೋ ಸ್ಟುಡಿಯೆರೆಂಡೆನ್‌ವೆರ್ಕ್‌ದು ಲಿಖಿತ ಒಪ್ಪಿಗೆ ಬೇಕೇ ಬೇಕು, ಬಾಯಿಮಾತು ನಡೆಯಲ್ಲ. ಒಂದು ಪುಟದ ಒಪ್ಪಂದ, ಸ್ವಲ್ಪ ಡೆಪಾಸಿಟ್, ರೂಮ್ ಫೋಟೋ. ಬಾಡಿಗೆ ನೀವು ಕಟ್ಟೋವಷ್ಟೇ ಕೇಳಿ, ಲಾಭ ಮಾಡೋಕೆ ಹೋದ್ರೆ ಜಗಳ. ನಂಗೆ ಒಂದು ವರ್ಷ ಹೀಗೆ ಆರು ವಾರಕ್ಕೆ 520 ಯೂರೋ ಬಂತು, ಆ ಸಲ ಟಿಕೆಟ್ ಕೊಟ್ಟಿದ್ದು 560. ಕುಕ್ಕರ್ ಮಾತ್ರ ಒಳಗೆ ಇಟ್ಟು ಬೀಗ ಹಾಕಿ, ನನ್ನ ಕುಕ್ಕರಲ್ಲಿ ಆ ಪುಣ್ಯಾತ್ಮ ಯಾವುದೋ ಚೀಸ್ ಕರಗಿಸಿದ್ದ.

ಹಾಗೇ ಡಾಯ್ಚ್‌ಲಾಂಡ್ ಟಿಕೆಟ್, ಅಂದ್ರೆ ಲೋಕಲ್ ರೈಲು-ಬಸ್ಸಿನ ತಿಂಗಳ ಪಾಸು, ತಿಂಗಳ 10ನೇ ತಾರೀಖಿನೊಳಗೆ ಕ್ಯಾನ್ಸಲ್ ಮಾಡಿದ್ರೆ ಮುಂದಿನ ತಿಂಗಳಿಂದ ಕಟ್ಟಂಗಿಲ್ಲ (ಸೆಮಿಸ್ಟರ್ ಫೀಸ್ ಜೊತೆ ಬಂದಿದ್ರೆ ಇದು ಲಾಗೂ ಇಲ್ಲ). ಅಲ್ಲಿನ ಹೆಲ್ತ್ ಇನ್ಶೂರೆನ್ಸ್ ಇಂಡಿಯಾದಲ್ಲಿ ನಡೆಯಲ್ಲ, ಟ್ರಾವೆಲ್ ಇನ್ಶೂರೆನ್ಸ್ ತಗೊಳ್ಳೋದಾದ್ರೆ ಸ್ವಂತ ದೇಶಕ್ಕೆ ಹೋದಾಗ್ಲೂ ಕವರ್ ಆಗತ್ತಾ ಅಂತ ಕೇಳಿ, ಕೆಲವು ಪಾಲಿಸಿ ಅಲ್ಲೇ ಕೈ ಎತ್ತುತ್ತೆ.

ಹೆಜ್ಜೆ 6: ಏರ್‌ಪೋರ್ಟ್

ಡಾಯ್ಚ್‌ಲಾಂಡ್ ಟಿಕೆಟ್ ಐಸಿಇ ಅನ್ನೋ ಫಾಸ್ಟ್ ರೈಲಲ್ಲಿ ನಡೆಯಲ್ಲ, ಲೋಕಲ್ ರೈಲಲ್ಲಿ ಹೋಗೋದಾದ್ರೆ ಬೇಕಾಗಿರೋದಕ್ಕಿಂತ ಎರಡು ರೈಲು ಮುಂಚೆ ಹತ್ತಿ. ಇಲ್ಲಿ ಇಳಿದ್ಮೇಲೆ ಮೆಜೆಸ್ಟಿಕ್ಕಿಗೆ ವಾಯುವಜ್ರ ಇದೆ, ಟ್ಯಾಕ್ಸಿ ದಂಡ.

ಹೆಜ್ಜೆ 7: ಲಗೇಜು

ಬರೋವಾಗ ಎಲ್ಲಾ ದೊಡ್ಡಪ್ಪ ಚಿಕ್ಕಪ್ಪಂದಿರ ಮನೆಗೂ ಚಾಕೊಲೇಟ್ ಡಬ್ಬ ತರ್ಬೇಡಿ. ಏರ್‌ಪೋರ್ಟ್ ಡ್ಯೂಟಿ ಫ್ರೀಯಲ್ಲಂತೂ ಬೇಡ್ವೇ ಬೇಡ, ಆಲ್ಡಿ, ಲಿಡ್ಲ್ ಥರದ ಅಗ್ಗದ ಸೂಪರ್‌ಮಾರ್ಕೆಟಲ್ಲಿ ಅದೇ ಚಾಕೊಲೇಟ್ ಎಷ್ಟೋ ಕಮ್ಮಿಗೆ ಸಿಗತ್ತೆ. ಮೂವತ್ತು ಯೂರೋ ಅಂತ ಮೊದ್ಲೇ ಫಿಕ್ಸ್ ಮಾಡ್ಕೊಳ್ಳಿ, ಬೇಜಾರಾಗೋರು ಆಗ್ಲಿ.

ಹೋಗೋವಾಗಿನದ್ದು ಉಲ್ಟಾ, ಆರು ತಿಂಗಳ ಅಡುಗೆ ಖರ್ಚು ಆ ಬ್ಯಾಗಲ್ಲಿರತ್ತೆ. ಸಾರಿನ ಪುಡಿ, ಹುಳಿಪುಡಿ, ವಾಂಗೀಬಾತ್ ಪುಡಿ, ಉಪ್ಪಿನಕಾಯಿ ತುಂಬ್ಕೊಳ್ಳಿ. ಆದ್ರೆ ಹಾಲಿನ ಪದಾರ್ಥ, ಮಾಂಸ ಯುರೋಪಿಯನ್ ಯೂನಿಯನ್ ಒಳಗೆ ತರೋ ಹಾಗಿಲ್ಲ, ಅಂದ್ರೆ ಧಾರವಾಡ ಪೇಡಾ, ಮನೆ ತುಪ್ಪ ಎರಡೂ ಔಟ್. ಹಸಿ ಕರಿಬೇವೂ ಬೇಡ. ಮತ್ತೆ ಇಡೀ ಕೊಬ್ಬರಿ ಗಿಟುಕು, ಅದ್ರಲ್ಲಿ ಎಣ್ಣೆ ಇರೋದ್ರಿಂದ ಬೆಂಕಿ ಹತ್ಕೊಳ್ಳೋ ವಸ್ತು ಅಂತ ಚೆಕ್-ಇನ್ ಬ್ಯಾಗಲ್ಲಿ ಬಿಡಲ್ಲ. ನನ್ನ ಬ್ಯಾಗ್ ಬಿಚ್ಚಿಸಿ ಐದು ಗಿಟುಕು ತೆಗೆಸಿದ್ರು, ಅಪ್ಪ ಇನ್ನೂ ಹೊರಗೇ ನಿಂತಿದ್ರು, ಹೋಗಿ ಕೊಟ್ಟು ಬಂದೆ. ಆಮೇಲಿಂದ ಅಮ್ಮ ಅದನ್ನ ಚಟ್ನಿಪುಡಿ ಮಾಡೇ ಕಟ್ಟೋದು, ಎರಡು ಕವರ್ ಹಾಕಿ, ರಬ್ಬರ್ ಬ್ಯಾಂಡ್ ಬಿಗಿದು.